ಮೈಗಳ್ಳಿ

ಅಗೋ, ಮತ್ತೆ ಅಂಬಾ ಅನ್ನುತ್ತಿದೆ, ಕೆಚ್ಚಲು ಕಲ್ಲಾಗಿರಬೇಕು, ಏಳಬೇಕು, ಇನ್ನೊಂದು ಸಲ ಕೂಗಿದರೆ ಎದ್ದೇ ಏಳುತ್ತೇನೆ — ನಿನ್ನೆಯೂ ಹೀಗೇ ಅಂದುಕೊಂಡು, ಹೋಗಿ ನೋಡುವಷ್ಟರಲ್ಲಿ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು, ಸೆಗಣಿಯ ಮೇಲೆ — ಬಿಸಿಲು ಹಾಸಿಗೆಯ ಅಂಚಿಗೆ ಬಂದಾಯಿತು, ಕಾಲು ಯಾರದೋ ಎಂಬಂತೆ ಬಿದ್ದಿದೆ, ನಾಚಿಕೆಯಾಗಬೇಕು ನಿನಗೆ, ಆಗುತ್ತಿದೆಯಲ್ಲ, ಅದೊಂದೇ ಆಗುತ್ತಿರುವುದು. ಮೈಗಳ್ಳಿ, ಅತ್ತೆ ಅಂದದ್ದು ಅಷ್ಟೇ, ಜೋರಾಗಿಯೂ ಅಲ್ಲ, ಕಸ ಗುಡಿಸುತ್ತಾ — ಮೈ ಕದ್ದವಳು, ಯಾರ ಮೈ ಕದ್ದೆ ಅತ್ತೆ ನಾನು, ನನ್ನದನ್ನೇ ಯಾರೋ ಎತ್ತಿಕೊಂಡು ಹೋದ ಹಾಗಿದೆ, ಹೇಳಿದರೆ ನಗುತ್ತಾರೆ. ಪಕ್ಕದ ಮನೆಯವಳು ನಗುತ್ತಲೇ ಕೇಳಿದ್ದಳು, ಏನೇ ಇಷ್ಟೊಂದು ಮಲಗ್ತೀಯ, ಏನಾದ್ರೂ ವಿಶೇಷನಾ? ಮಗಳು ನನ್ನೆತ್ತರಕ್ಕೆ ಬಂದಿದ್ದಾಳೆ, ಎಂಥ ವಿಶೇಷ, ಆದರೂ ಹೂಂ ಅಂದುಬಿಡಲೇ ಅನ್ನಿಸಿತ್ತು, ಬಸುರಿ ಮಲಗಿದರೆ ಅದಕ್ಕೊಂದು ಮರ್ಯಾದೆಯಿದೆ. ಗಂಡ ಬೈಯುವುದಿಲ್ಲ, ಹೊಡೆಯುವುದಿಲ್ಲ, ಊಟ ಮಾಡಿದ್ಯಾ ಅಂತ ಕೇಳುತ್ತಾನೆ, ಏನು ಕಡಿಮೆಯಾಗಿದೆ ನಿನಗೆ — ಏನೂ ಇಲ್ಲ, ಅದಕ್ಕೇ ತಾನೇ ಈ ನಾಚಿಕೆ.

ಗೇಟಿನ ಸದ್ದು, ನರ್ಸಮ್ಮ, ಮನೆಮನೆ ಸುತ್ತುವವಳು, ಸೊಸೆ ಎಲ್ಲಿ ಅನ್ನುತ್ತಾಳೆ, ಅವಳಿಗೇನು ಧಾಡಿ, ಚೆನ್ನಾಗೇ ಇದ್ದಾಳೆ ಅನ್ನುತ್ತಾರೆ ಅತ್ತೆ, ಹಸು ಅವಳ ಕೈಗೆ ಬಿಟ್ರೆ ಯಾರಿಗೂ ಹಾಲಿಳಿಸಲ್ಲ, ನಾನು ಕೂತ್ರೆ ಬಿಗಿಹಿಡಿದು ಒದೆಯುತ್ತೆ — ಇವತ್ತು ಹೇಳಬೇಕು, ಇವಳು ಹೊರಟುಹೋದರೆ ಇನ್ನು ಯಾರಿಗೆ, ಮೊನ್ನೆ ನೀರು ಸೇದಲು ಹೋಗಿ ಕೊಡ ಕೆಳಗಿಟ್ಟು ಬಾವಿಯೊಳಗೇ ನೋಡುತ್ತಾ ನಿಂತದ್ದನ್ನು. ಚಪ್ಪಲಿ ಬಿಟ್ಟು ಒಳಗೇ ಬಂದಳಲ್ಲ, ಹಾಸಿಗೆ ನೋಡಿದಳು, ಬಾಚದ ತಲೆ ನೋಡಿದಳು, ಅಯ್ಯೋ, ಇದ್ದ ಮಾನವೂ ಹೋಯಿತು, ಏನಮ್ಮಾ ಆಗ್ತಿದೆ, ಸುಸ್ತು ಅನ್ನಲೇ, ತಲೆನೋವು ಅನ್ನಲೇ, ಬಾವಿ ಅನ್ನಲೇ — ಬಾಯಿಗೆ ಬಂದದ್ದು ಹಸು. ಅದು ಕರೀತಾನೇ ಇತ್ತು ಅಕ್ಕಾ, ನಂಗೆ ಕೇಳಿಸ್ತಾನೇ ಇತ್ತು, ನಾನು ಏಳಲಿಲ್ಲ. ಅವಳು ಬೈಯಲಿಲ್ಲ, ಹಾಸಿಗೆಯ ಮೇಲೇ ಕೂತಳು, ಯಾವಾಗಿಂದ ಹೀಗೆ ಅನ್ನುತ್ತಾಳೆ, ಅತ್ತೆ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಾರೆ, ಈಗ ಹೇಳು, ಹೇಳೇ, ಬಾವಿಯದನ್ನು ಹೇಳು — ಕೂಗು ನಿಂತಿದೆ, ಕಿಟಕಿಯಾಚೆ ಕೆಚ್ಚಲು ಕಾಣುತ್ತದೆ, ಯಾರೂ ಮುಟ್ಟದೆ, ತಾನಾಗಿ, ಹಾಲು, ಸೆಗಣಿಯ ಮೇಲೆ, ತೊಟ್ಟಿಕ್ಕುತ್ತಿದೆ, ತೊಟ್ಟಿಕ್ಕುತ್ತಲೇ ಇದೆ