ತಿಂಗಳ ಕೊನೆಯ ಆ ದಿನಗಳು

ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿ ಕನಕಾಂಬರ, ಎಷ್ಟು ದಿನವಾಯಿತು ಒಂದು ಹೂವನ್ನು ಹೀಗೆ ಸುಮ್ಮನೆ ನೋಡಿ, ಬೆಳಿಗ್ಗೆ ಹನ್ನೊಂದಕ್ಕೆ ವೈಟ್‌ಫೀಲ್ಡಿನ ಬಸ್ಸು ಇಷ್ಟು ಖಾಲಿಯಿರುತ್ತದೆಂದೇ ಲಾವಣ್ಯಳಿಗೆ ಗೊತ್ತಿರಲಿಲ್ಲ, ಎಲ್ಲಿಗೆ ಮೇಡಂ, ಕಂಡಕ್ಟರ್ ಬಂದ, ದೊಡ್ಡನೆಕ್ಕುಂದಿ, ಚಿಲ್ಲರೆ ಕೊಡಿ — ಎಣಿಸಿ ಕೊಟ್ಟಳು. ಹೇಳಿಬಿಟ್ಟಳು. ಬೆಳಗಿನ ಮೀಟಿಂಗಿನಲ್ಲಿ, ಹನ್ನೆರಡು ಜನರ ಮುಂದೆ, ಗೋಡೆಯ ಮೇಲೆ ತನ್ನದೇ ಗ್ರಾಫು ಹೊಳೆಯುತ್ತಿರುವಾಗ, ಸಾರ್, ನಾನು ಕಂಡುಹಿಡಿದಿದ್ದು ತಪ್ಪು, ಅಂದುಬಿಟ್ಟಳು. ಎರಡು ವರ್ಷ ಆಫೀಸಿನಲ್ಲಿ ಅದೇ ಅವಳ ಹೆಸರಾಗಿತ್ತು — ತಿಂಗಳ ಕೊನೆಯ ದಿನ ಷೇರು ಕೊಳ್ಳಿ, ಮುಂದಿನ ತಿಂಗಳ ಮೂರಕ್ಕೆ ಮಾರಿ, ಸಂಬಳದ ದುಡ್ಡು ಮಾರುಕಟ್ಟೆಗೆ ಹರಿದು ಬರುವ ಹೊತ್ತು, ಬೆಲೆ ಏರಿಯೇ ಏರುತ್ತದೆ, ಹದಿನೆಂಟು ವರ್ಷದ ಅಂಕಿಅಂಶ ತೆಗೆದು ತೋರಿಸಿದ್ದಳು, ಮ್ಯಾನೇಜರ್ ರಾಜೇಂದ್ರ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು, ಅದನ್ನೇ ನಂಬಿ ಕಂಪನಿ ಹೊಸ ಹೂಡಿಕೆ ಯೋಜನೆ ಮಾಡಿತು, ಈ ಗುರುವಾರದಿಂದ ಜನರ ಹಣ ತೆಗೆದುಕೊಳ್ಳುವುದೆಂದಾಯಿತು, ಎಲ್ಲರಿಗಿಂತ ಮೊದಲು ಫಾರಂ ತುಂಬಿ ಚೆಕ್ಕು ಬರೆದಿಟ್ಟವರು ಅಪ್ಪ. ಮುರಿಗೆಪ್ಪ ಮೇಷ್ಟ್ರು, ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಹೇಳಿ, ನಿವೃತ್ತರಾಗಿ ಮಗಳ ಫ್ಲ್ಯಾಟಿಗೆ ಬಂದವರು, ರಿಟೈರಾದಾಗ ಬಂದ ಹಣ ಪೂರಾ ಹಾಕ್ತೀನವ್ವ, ಬ್ಯಾಡಪ್ಪಾ, ಸ್ವಲ್ಪ ಹಾಕು, ಯಾಕ, ನಿನ್ನ ಮ್ಯಾಲೆ ನಿನಗ ನಂಬಿಕಿ ಇಲ್ಲೇನು. ಆ ಮಾತು ಮುಳ್ಳಿನ ಹಾಗೆ ಕೂತುಬಿಟ್ಟಿತು, ಶನಿವಾರ ಲ್ಯಾಪ್‌ಟಾಪ್ ತೆರೆದಳು, ಒಟ್ಟಿಗೆ ಕಲಸಿಟ್ಟಿದ್ದ ಹದಿನೆಂಟು ವರ್ಷಗಳನ್ನು ಮೊದಲ ಸಲ ಬಿಡಿಸಿದಳು, ಮಾರುಕಟ್ಟೆ ಏರುತ್ತಿದ್ದ ವರ್ಷಗಳು ಒಂದು ಕಡೆ, ಕುಸಿಯುತ್ತಿದ್ದವು ಇನ್ನೊಂದು ಕಡೆ — ಲಾಭವೆಲ್ಲ ಏರುವ ವರ್ಷಗಳದ್ದೇ, ಕುಸಿಯುವಾಗ ಅದೇ ದಿನಗಳಲ್ಲಿ ಉಳಿದ ದಿನಗಳಿಗಿಂತ ಹೆಚ್ಚು ನಷ್ಟ, ಕಳೆದ ಮೂರು ವರ್ಷವಂತೂ ಏನೂ ಇಲ್ಲ, ಎಲ್ಲ ದಿನದ ಹಾಗೆ ಅದೂ ಒಂದು ದಿನ. ತಿಂಗಳ ಕೊನೆಗೆ ಯಾವ ಮಹಿಮೆಯೂ ಇರಲಿಲ್ಲ, ಕಾಲ ಚೆನ್ನಾಗಿತ್ತು, ಅಷ್ಟೇ.

ಕೆಲಸ ಹೋಯಿತು ಅಂದುಕೊಂಡಳು, ರಾಜೇಂದ್ರ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಗುರುವಾರ ಆದ್ಮೇಲೆ ಗೊತ್ತಾಗಿದ್ರೆ ಏನ್ರೀ ಮಾಡ್ತಿದ್ವಿ, ಯೋಜನೆ ನಿಲ್ಸೋಣ, ಮೊದಲಿಂದ ನೋಡೋಣ, ನೀವೇ ನೋಡಿ, ಇವತ್ತು ಮನೆಗ್ ಹೋಗಿ ನಿದ್ದೆ ಮಾಡಿ — ಬೈಯಲಿಲ್ಲ, ಬೈದಿದ್ದರೆ ಆಫೀಸಿನ ಮೆಟ್ಟಿಲ ಮೇಲೆ ಕೂತು ಅಷ್ಟು ಅಳುತ್ತಿರಲಿಲ್ಲ, ಎಷ್ಟು ಹಗುರ ಈಗ, ಹಸಿವು ಕೂಡ ಆಗುತ್ತಿದೆ, ಎರಡು ದಿನದಿಂದ ಆಗಿರಲಿಲ್ಲ. ಬಸ್ಸು ಹತ್ತುವ ಮುಂಚೆ ಅಪ್ಪನಿಗೆ ಫೋನ್ ಮಾಡಿದಳು, ಅಪ್ಪಾ, ಚೆಕ್ಕು ಕೊಡಬ್ಯಾಡ, ನನ್ನ ಲೆಕ್ಕ ತಪ್ಪಾಗೇತಿ. ತಪ್ಪು ಯಾರು ಹಿಡಿದ್ರು? ನಾನ ಹಿಡಿದೆ. ಯಾರರ ಕೇಳಿದ್ರೇನು? ಇಲ್ಲಪ್ಪಾ, ನಾನ ಹೋಗಿ ಹೇಳಿದೆ. ಮೇಷ್ಟ್ರು ನಕ್ಕರು, ಎದೆಯಾಳದಿಂದ, ಹಂಗಾದ್ರ ತಡಿ, ಚೆಕ್ಕು ಇಲ್ಲೇ ಐತಿ, ಅಂದರು, ಆಮೇಲೆ ಆ ಸದ್ದು, ಮೆಲ್ಲಗೆ, ಉದ್ದಕ್ಕೆ, ಮಗಳಿಗೆ ಕೇಳಲೆಂದೇ ಫೋನಿನ ಹತ್ತಿರ ಹಿಡಿದು — ಇಳಿಯಲ್ವಾ ಮೇಡಂ, ದೊಡ್ಡನೆಕ್ಕುಂದಿ, ಹಾಂ, ಇಳಿಯಬೇಕು, ಅಪ್ಪನ ಬೆರಳುಗಳ ನಡುವೆ ಕಾಗದ ಎರಡಾಗುತ್ತದೆ, ಪಂಚೆಯ ಮೇಲೆ ಬಿಳಿ ಚೂರು, ಮತ್ತೆ ಎರಡಾಗುತ್ತದೆ, ಮತ್ತೆ ಬಿಳಿ ಚೂರು, ಮತ್ತೆ —