ಕರಿ ದಿನದ ಹಾಜರಿ

ಹೌದು, ನನಗೆ ಹೊಟ್ಟೆಕಿಚ್ಚು. ನನ್ನ ವಾರಗಿತ್ತಿ ಉಮಾಶ್ರೀಗೆ ಮುಪ್ಪಿನಲ್ಲಿ ಪೆನ್ಷನ್ ಬರುತ್ತದೆ, ನನಗೆ ಬರುವುದಿಲ್ಲ. ಇಬ್ಬರೂ ಮುರಗೋಡದ ಒಂದೇ ಮನೆಯ ಸೊಸೆಯರು, ಇಬ್ಬರೂ ಸರಕಾರಿ ಶಾಲೆಯ ಟೀಚರು, ಇಬ್ಬರ ಆರ್ಡರೂ ಒಂದೇ ದಿನ ಬಂದದ್ದು. ಇಷ್ಟು ಕೇಳಿಯೂ ಹೊಟ್ಟೆ ಉರಿಯದವರು ಇದ್ದರೆ ಬಂದು ನನಗೆ ಮುಖ ತೋರಿಸಲಿ.

ಆರ್ಡರು ಬಂದದ್ದು ಎರಡು ಸಾವಿರದ ಆರರ ಯುಗಾದಿಗೆ ಮುಂಚೆ. ಹಬ್ಬದ ಮರುದಿನ ಶುಕ್ರವಾರ ಹಾಜರಾಗೋಣವೆಂದು ಸೀರೆ ಉಟ್ಟು ಹೊರಟರೆ, ಅತ್ತೆ ಚನ್ನವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳು ನನ್ನ ಅಪ್ಪನ ಅಕ್ಕ, ನಾನೆಂದರೆ ಜೀವ.

"ಹುಚ್ಚ ಹಿಡದೈತೇನ ರಾಜೀ? ಇವತ್ತ ಕರಿ. ಕರಿ ದಿನ ಯಾರರ ಹೊಸಾ ಕೆಲಸಕ್ಕ ಕಾಲ ಇಡತಾರೇನ? ಸೋಮವಾರ ಹೋಗು, ಶಿವನ ವಾರ."

"ಉಮಾ ಹೊಂಟಾಳಲ್ಲ ಅತ್ತಿ?"

"ಹೋಗಲಿ ಬಿಡು. ಆಕಿ ನನ್ನ ಮಾತ ಎಂದ ಕೇಳ್ಯಾಳ?"

ಉಮಾ ರಾಮದುರ್ಗದಿಂದ ಬಂದ ಹೊರಗಿನ ಹುಡುಗಿ. ಅವಳಿಗಾಗಿ ಒಳ್ಳೆಯ ದಿನ ನೋಡುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಹೋದಳು, ಸಹಿ ಮಾಡಿದಳು. ನಾನು ಸೋಮವಾರ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೋದೆ.

ಆಮೇಲೆ ತಿಳಿಯಿತು. ನಡುವಿನ ಶನಿವಾರ, ಅಂದರೆ ಏಪ್ರಿಲ್ ಒಂದರಿಂದ ಸೇರಿದವರಿಗೆ ಹಳೆಯ ಪೆನ್ಷನ್ ಇಲ್ಲವಂತೆ. ನಮ್ಮ ಸಂಬಳದಲ್ಲೇ ಮುರಿದುಕೊಂಡು, ಶೇರು ಬಜಾರಿನಲ್ಲಿ ಹಾಕಿ, ಕೊನೆಗೆ ಎಷ್ಟು ಆಗುತ್ತದೋ ಅಷ್ಟು. ಶಿವನಿಗೆ ಬೈಯಲೋ, ಅತ್ತೆಗೆ ಬೈಯಲೋ? ಬೈದದ್ದು ಉಮಾಳಿಗೇ.

ಸವದತ್ತಿ ಸಂತೆಯಲ್ಲಿ ಅವಳು ಬೆಲೆ ಕೇಳದೆ ದ್ರಾಕ್ಷಿ ತೂಗಿಸಿದರೆ, "ತಗೋಳವಾ ತಗೋ, ನಿನಗೇನ ಕಡಿಮಿ!" ಎಂದು ಚುಚ್ಚುತ್ತಿದ್ದೆ. ಅವಳು ಅದರಲ್ಲೇ ಅರ್ಧ ನನ್ನ ಚೀಲಕ್ಕೆ ಸುರಿಯುತ್ತಿದ್ದಳು. ಜಗಳವಾದರೂ ಆಡಬಾರದೇ, ಹಾಳಾದವಳು!

ಮೂರು ವರ್ಷದ ಮೇಲೆ ಅತ್ತೆಗೆ ಮೈ ಸೋತಿತು. ತನ್ನ ಕೈಯ ಚಿನ್ನದ ಪಾಟ್ಲಿ ಬಳೆಗಳನ್ನು ಬಿಚ್ಚಿ, ಒಂದು ನನಗೆ, ಒಂದು ಉಮಾಗೆ ಎಂದು ಇಟ್ಟಳು. ನನಗೆ ತಡೆಯಲಾಗಲಿಲ್ಲ.

"ಸೋಮವಾರ ಹೋಗು ಅಂದಾಕಿ ನೀನ ಅತ್ತಿ. ನನ್ನ ಪೆನ್ಷನ್ ಕಳದಾಕಿ ನೀನ. ಎರಡೂ ನನಗ ಬರಬೇಕು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನ್ನನ್ನು ಎತ್ತಿ ಆಡಿಸಿದ ಮುದುಕಿ. ಆದರೂ ನಾನು ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

ಉಮಾ ತನ್ನ ಪಾಲಿನ ಪಾಟ್ಲಿಯನ್ನು ತಾನೇ ನನ್ನ ಕೈಗೆ ಏರಿಸಿದಳು.

"ಹಾಕ್ಕೋರಿ ಅಕ್ಕಾ. ಮುಂದ ನಿಮಗ ಆಸರ ಬೇಕಾಗತೈತಿ. ನನಗ ಹೆಂಗೂ ಪೆನ್ಷನ್ ಬರತೈತಿ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಆ ಬಳೆ ಅವಳ ಮುಖಕ್ಕೆ ಎಸೆಯುತ್ತಿದ್ದೆ. ಕರುಣೆ ಇತ್ತು, ನನ್ನ ಮೇಲೆ! ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಅವಳು ಅತ್ತೆಯ ಕಣ್ಣು ಒರೆಸಿ, ರೊಟ್ಟಿ ಬಡಿಯಲು ಒಳಗೆ ಹೋದಳು. ಅವಳ ಕೈಯಲ್ಲಿ ಇದ್ದದ್ದು ಬರೀ ಗಾಜಿನ ಬಳೆ. ಎರಡೂ ಪಾಟ್ಲಿ ಹಾಕಿಕೊಂಡು ಕುಳಿತ ನನಗೆ ಆ ಗಾಜಿನ ಬಳೆಯ ಮೇಲೂ ಹೊಟ್ಟೆಕಿಚ್ಚಾಯಿತು.