ಅಚ್ಚಾಗದೆ ಉಳಿದ ಸೊನ್ನೆ

ನಾನು ಒಂದು ಅಚ್ಚಿನ ಯಂತ್ರ. ತೂತು ಹೊಡೆದ ಕಾರ್ಡುಗಳನ್ನು ಓದಿ, ಅವುಗಳಲ್ಲಿರುವುದನ್ನು ಕಾಗದದ ಮೇಲೆ ಸಾಲುಸಾಲಾಗಿ ಮೂಡಿಸುವುದು ನನ್ನ ಕಸುಬಾಗಿತ್ತು. ಈಗ ಒಂದು ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲ ಕೆಳಗೆ ನಿಂತಿದ್ದೇನೆ. ನನ್ನ ಮುಂದೆ ಹಗ್ಗ ಕಟ್ಟಿ 'ಮುಟ್ಟಬೇಡಿ' ಎಂದು ಬರೆದಿದ್ದಾರೆ. ಆ ಹಗ್ಗ ದಾಟಿ ಬಂದು ಮುಟ್ಟುವವರು ಒಬ್ಬರೇ ಇದ್ದರು. ಅವರು ಇನ್ನಿಲ್ಲ ಎಂದು ನನಗೆ ತಿಳಿದದ್ದು ಈ ವರ್ಷದ ಆಯುಧಪೂಜೆಯ ದಿನ.

ಪ್ರತಿ ವರ್ಷ ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಚನ್ನವೀರಯ್ಯನವರು ಬರುತ್ತಿದ್ದರು. ಹಳೆಯ ಪಂಚೆಯ ತುಂಡಿನಿಂದ ನನ್ನ ಧೂಳು ಒರೆಸುತ್ತಿದ್ದರು. ಎರಡು ಹೂವು ಇಟ್ಟು, ಕೈಮುಗಿದು, ನೆಲದ ಮೇಲೆ ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದರು. ಈ ಸಲ ಹತ್ತು ಹೊಡೆಯಿತು, ಹನ್ನೊಂದೂ ಹೊಡೆಯಿತು. ಅವರು ಬರಲಿಲ್ಲ. ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ವಯಸ್ಸು ಐವತ್ತು ದಾಟಿರಬಹುದು. ಕೈಯಲ್ಲಿ ಚನ್ನವೀರಯ್ಯನವರು ತರುತ್ತಿದ್ದ ಖಾದಿ ಚೀಲ.

"ಅಯ್ನೋರು ಬರಲಿಲ್ವಾ ಅಮ್ಮ?" ಎಂದು ಕಾಲೇಜಿನ ಅಟೆಂಡರ್ ಮುನಿರಾಜು ಕೇಳಿದ. "ಬೆಳಿಗ್ಗೆಯಿಂದ ಗೇಟಿನ ಕಡೆಗೇ ನೋಡ್ತಾ ಇದ್ದೀನಿ."

"ಹೋದ ತಿಂಗಳು ಲಿಂಗೈಕ್ಯರಾದರು ಕಣಪ್ಪ. ನಾನು ಅವರ ಮಗಳು ಗೌರಾ. ಈ ದಿನ ಇಲ್ಲಿಗೆ ಹೋಗಲೇಬೇಕು ಅಂತ ಹೇಳಿ ಕಣ್ಣು ಮುಚ್ಚಿದರು."

ಮುನಿರಾಜು ತಲೆಯ ಮೇಲಿನ ಟೋಪಿ ತೆಗೆದ. ನನಗೆ ತೆಗೆಯಲು ಟೋಪಿಯಿಲ್ಲ, ಅಳಲು ಕಣ್ಣಿಲ್ಲ. ಅವರ ಬದುಕಿನಲ್ಲಿ ನಾನು ಕಂಡಷ್ಟನ್ನು ಹೇಳಿಕೊಂಡರೆ ಅದೇ ನನ್ನ ಅಳು.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಹಡಗಿನಲ್ಲಿ ಬಂದು, ರೈಲಿನಲ್ಲಿ ಬಂದು, ಕೊನೆಗೆ ಎಂಟು ಜನ ಹಮಾಲರ ಹೆಗಲ ಮೇಲೆ ಒಂದು ಪರೀಕ್ಷಾ ಕಚೇರಿಗೆ ಬಂದೆ. ನನ್ನ ಹೊಟ್ಟೆಯಲ್ಲಿ ನೂರಿಪ್ಪತ್ತು ಅಚ್ಚಿನ ಚಕ್ರಗಳಿದ್ದವು. ಕಾರ್ಡು ಒಳಗೆ ಬಂದಾಗ ತಾಮ್ರದ ಎಳೆಗಳ ಪುಟ್ಟ ಕುಂಚಗಳು ಅದರ ಮೇಲೆ ಹರಿದಾಡುತ್ತಿದ್ದವು. ತೂತು ಸಿಕ್ಕಿದಲ್ಲಿ ವಿದ್ಯುತ್ತು ಹರಿಯುತ್ತಿತ್ತು, ಚಕ್ರ ತಿರುಗುತ್ತಿತ್ತು, ಅಕ್ಷರ ಬೀಳುತ್ತಿತ್ತು. ನಿಮಿಷಕ್ಕೆ ನೂರೈವತ್ತು ಸಾಲು. ನಾನು ಓಡುವಾಗ ಪಕ್ಕದ ಕೋಣೆಯ ಮೇಜಿನ ಮೇಲಿದ್ದ ಲೋಟಗಳೂ ಅಲುಗುತ್ತಿದ್ದವು.

ಇಷ್ಟೆಲ್ಲ ಬಲವಿದ್ದರೂ ನನಗೆ ಸ್ವಂತ ಬುದ್ಧಿ ಎಂಬುದಿರಲಿಲ್ಲ. ಯಾವ ತೂತು ಯಾವ ಚಕ್ರಕ್ಕೆ ಎಂಬುದನ್ನು ಯಾರಾದರೂ ಹೇಳಿಕೊಡಬೇಕು. ಅದಕ್ಕೆಂದು ಸಾವಿರಾರು ರಂಧ್ರಗಳ ಒಂದು ಬೋರ್ಡು ಇತ್ತು. ಒಂದು ರಂಧ್ರದಿಂದ ಇನ್ನೊಂದಕ್ಕೆ ಬಣ್ಣಬಣ್ಣದ ತಂತಿ ಸಿಕ್ಕಿಸಿ, ಆ ಬೋರ್ಡನ್ನು ನನ್ನ ಪಕ್ಕೆಯಲ್ಲಿ ಕೂರಿಸಿದರೆ, ತಂತಿಯ ತುದಿಗಳು ನನ್ನ ಒಳಗಿನ ಹಿತ್ತಾಳೆಯ ಸ್ಪ್ರಿಂಗುಗಳನ್ನು ಮುಟ್ಟುತ್ತಿದ್ದವು. ಆಗ ನನಗೆ ಕೆಲಸ ತಿಳಿಯುತ್ತಿತ್ತು. ಬೋರ್ಡು ತೆಗೆದರೆ ತಿಳಿದದ್ದೆಲ್ಲ ಮರೆತುಹೋಗುತ್ತಿತ್ತು.

ಇನ್ನೊಂದು ಮಾತನ್ನು ಇಲ್ಲಿ ಹೇಳಬೇಕು. ಒಂದರಿಂದ ಒಂಬತ್ತರವರೆಗಿನ ಅಂಕೆಗಳನ್ನು ನಾನು ಸುಮ್ಮನೆ ಅಚ್ಚು ಹಾಕುತ್ತಿದ್ದೆ. ಸೊನ್ನೆಯನ್ನು ಮಾತ್ರ ಹಾಗೆ ಹಾಕುತ್ತಿರಲಿಲ್ಲ. 'ಇಲ್ಲಿ ಸೊನ್ನೆ ಬಂದರೆ ಬಿಡಬೇಡ' ಎಂದು ಹೇಳಲು ಒಂದು ಗೇಣಿಗಿಂತ ಚಿಕ್ಕದಾದ ಬೇರೊಂದು ತಂತಿ ಹಾಕಬೇಕಾಗಿತ್ತು. ಅದಿಲ್ಲದಿದ್ದರೆ ಆ ಜಾಗ ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ.

ಚನ್ನವೀರಯ್ಯನವರು ನನ್ನ ಬಳಿಗೆ ಬಂದಾಗ ಅವರಿಗೆ ಇಪ್ಪತ್ತೆಂಟು ವರ್ಷ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಜೇಬಿನಲ್ಲಿ ಒಂದು ದಬ್ಬಳ. ಕಾರ್ಡಿನ ಕಟ್ಟಿಗೆ ದಬ್ಬಳ ತೂರಿಸಿ, ಅದು ಆಚೆ ಬಂದರೆ ಎಲ್ಲ ಕಾರ್ಡಿನಲ್ಲೂ ಆ ತೂತು ಇದೆ ಎಂದು ತಿಳಿಯುತ್ತಿದ್ದರು. ಮಳೆಗಾಲದಲ್ಲಿ ಕಾರ್ಡುಗಳು ಉಬ್ಬಿ ನನ್ನ ಗಂಟಲಲ್ಲಿ ಸಿಕ್ಕಿಕೊಂಡರೆ ಬೇರೆಯವರು ಬೈಯುತ್ತಿದ್ದರು. ಅವರು ಮಾತ್ರ ಬೆರಳು ಹಾಕಿ ಮೆಲ್ಲಗೆ ಬಿಡಿಸುತ್ತಿದ್ದರು. ಕಾರ್ಡಿಗೆ ತೂತು ಹೊಡೆಯುವ ಫಿಲೋಮಿನಾ ಎಂಬ ಹುಡುಗಿ ಅವರನ್ನು ರೇಗಿಸುತ್ತಿದ್ದಳು.

"ಅಯ್ನೋರೇ, ಮನೇಲಿ ಹೆಂಡತಿ ತಲೆನೂ ಹಿಂಗೇ ಸವರ್ತೀರಾ, ಇಲ್ಲ ಇದೊಂದಕ್ಕೇನಾ?"

"ಅವಳು ಕಚ್ಚಿದರೆ ಬಿಡಿಸೋಕೆ ನನ್ನ ಕೈಲಾಗಲ್ಲ ತಾಯಿ" ಎಂದು ಅವರು ನಗುತ್ತಿದ್ದರು.

ಆ ವರ್ಷ ಪೂರಕ ಪರೀಕ್ಷೆಯ ಬೋರ್ಡನ್ನು ಅವರು ಆಯುಧಪೂಜೆಗೆ ಮೊದಲೇ ಕಟ್ಟಿ ಮುಗಿಸಿದರು. ಸುಳ್ಳು ಹೆಸರುಗಳ ಹತ್ತಾರು ಕಾರ್ಡು ಹಾಕಿ ಪರೀಕ್ಷಿಸಿದರು. ಎಲ್ಲ ಸರಿಯಾಗಿತ್ತು. ಪೂಜೆಯ ದಿನ ನನಗೆ ಹೂವಿನ ಹಾರ ಬಿತ್ತು. ಬೋರ್ಡನ್ನು ಮಣೆಯ ಮೇಲಿಟ್ಟು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಅದರ ಎದೆಯ ಮೇಲೆ ಗೆರೆ ಎಳೆದರು. ಭಕ್ತಿಯಿಂದ, ತುಸು ದಟ್ಟವಾಗಿಯೇ ಎಳೆದರು. ಆ ಬೂದಿಯ ನೀರು ಒಂದು ರಂಧ್ರದೊಳಕ್ಕೆ ಇಳಿದು, ತಂತಿಯ ತುದಿಯಲ್ಲಿ ಒಣಗಿತು. ಯಾರೂ ನೋಡಲಿಲ್ಲ.

ಹಬ್ಬ ಕಳೆದು ಮೂರು ವಾರಕ್ಕೆ ಅಂಕಗಳ ಕಾರ್ಡುಗಳು ಬಂದವು. ಕೆಲಸ ಶುರುಮಾಡುವ ಮೊದಲು ಮತ್ತೊಮ್ಮೆ ಪರೀಕ್ಷಿಸುವುದು ಅವರ ಪದ್ಧತಿ. ಅಂದು ಮಾತ್ರ ಮಾಡಲಿಲ್ಲ. "ಪೂಜೆ ಮಾಡಿಟ್ಟ ಬೋರ್ಡು. ಅನುಮಾನಪಟ್ಟರೆ ದೇವರ ಮೇಲೇ ಅನುಮಾನಪಟ್ಟ ಹಾಗೆ" ಎಂದು ಫಿಲೋಮಿನಾಗೆ ಹೇಳಿ, ಕೈಮುಗಿದು, ಗುಂಡಿ ಒತ್ತಿದರು.

ನಾನು ಓಡಿದೆ. ಬೂದಿ ಕೂತದ್ದು ಗಣಿತದ ಅಂಕದ ಕೊನೆಯ ಮನೆಗೆ, ಅಂದರೆ ಬಿಡಿಸ್ಥಾನಕ್ಕೆ, ಹಾಕಿದ್ದ ಸೊನ್ನೆಯ ತಂತಿಗೆ. ಬೂದಿ ವಿದ್ಯುತ್ತನ್ನು ತಡೆದದ್ದರಿಂದ ಆ ಮನೆಯಲ್ಲಿ ಸೊನ್ನೆ ಬಂದಾಗಲೆಲ್ಲ ಜಾಗ ಖಾಲಿ ಬಿಟ್ಟೆ. ಹತ್ತು, ಇಪ್ಪತ್ತು ಪಡೆದವರು ಹೇಗೂ ನಪಾಸು. ನಲವತ್ತು, ಐವತ್ತು ಪಡೆದ ಏಳು ಮಕ್ಕಳು ನನ್ನ ಕಾಗದದಲ್ಲಿ ನಾಲ್ಕು, ಐದು ಆದರು. ಗುಮಾಸ್ತರು ಕೆಂಪು ಪೆನ್ಸಿಲಿನಿಂದ 'ನಪಾಸು' ಎಂದು ಬರೆಯುತ್ತ ಹೋದರು. ಗಣಿತದಲ್ಲಿ ನಾಲ್ಕು ಅಂಕ ಯಾರಿಗೂ ಆಶ್ಚರ್ಯವಲ್ಲ.

ಜನವರಿಯಲ್ಲಿ ಕಿಟಕಿಯ ಹತ್ತಿರ ಒಬ್ಬರು ಬಂದು ನಿಂತರು. ಹೆಸರು ತುಕೋಜಿರಾವ್, ಪೇಟೆ ಬೀದಿಯ ದರ್ಜಿ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅವರು ಬಂದದ್ದು ಅದು ಮೂರನೆಯ ಸಲ.

"ನೋಡ್ರೀ, ನಾಲ್ಕು ಅಂದ್ರೆ ನಾಲ್ಕು. ನಿಮ್ಮ ಮಗ ಬರೆದಿದ್ದೇ ಅಷ್ಟು. ಯಂತ್ರ ಸುಳ್ಳು ಹೇಳುತ್ತಾ?" ಎಂದು ಗುಮಾಸ್ತರು ಗದರಿಸಿದರು.

"ಯಂತ್ರದ ವಿಷಯ ನನಗೆ ಗೊತ್ತಿಲ್ಲ ಸ್ವಾಮಿ. ಅಳತೆ ಗೊತ್ತು." ತುಕೋಜಿರಾವ್ ಎರಡು ಅಂಕಪಟ್ಟಿಗಳನ್ನು ಒಂದರ ಕೆಳಗೊಂದು ಹಿಡಿದರು. "ಇದು ಪಕ್ಕದ ಮನೆ ಹುಡುಗನದು. ಅವನಿಗೆ ಆರು ಬಂದಿದೆ. ಆ ಆರು ಬಲಗಡೆ ಅಂಚಿಗೆ ನಿಂತಿದೆ. ನನ್ನ ಮಗ ವಿಠ್ಠಲನ ನಾಲ್ಕು ಒಂದು ನೂಲಿನಷ್ಟು ಎಡಕ್ಕೆ ನಿಂತಿದೆ. ಪಕ್ಕದಲ್ಲಿ ಏನೋ ಇರಬೇಕಾಗಿತ್ತು. ಏನು ಅಂತ ನೀವೇ ಹೇಳಬೇಕು."

ಚನ್ನವೀರಯ್ಯನವರು ಎದ್ದು ಹೋದರು. ಎರಡೂ ಹಾಳೆ ನೋಡಿದರು. ಪೆಟ್ಟಿಗೆಗಳಲ್ಲಿ ಹುಡುಕಿ ಆ ಹುಡುಗನ ಕಾರ್ಡು ತೆಗೆದು, ಬೆಳಕಿಗೆ ಹಿಡಿದರು. ನಾಲ್ಕರ ತೂತು, ಅದರ ಮಗ್ಗುಲಲ್ಲಿ ಸೊನ್ನೆಯ ತೂತು. ಎರಡರಿಂದಲೂ ಬೆಳಕು ಬರುತ್ತಿತ್ತು.

"ನಲವತ್ತು" ಎಂದರು. "ನಿಮ್ಮ ಮಗ ಪಾಸು ಸ್ವಾಮಿ. ಎಲ್ಲಿದ್ದಾನೆ ಅವನು? ಕರೆಸಿ."

ತುಕೋಜಿರಾವ್ ಕಿಟಕಿಯ ಸರಳು ಹಿಡಿದುಕೊಂಡರು. "ಫಲಿತಾಂಶ ಬಂದ ದಿನವೇ ಮನೆ ಬಿಟ್ಟು ಹೋದ. ಅಳತೆ ಗೊತ್ತು ಅಂದೆನಲ್ಲ, ಅದು ಆಮೇಲೆ ಗೊತ್ತಾಗಿದ್ದು. ಅವತ್ತು ಪಟ್ಟಿಯನ್ನ ಸರಿಯಾಗಿ ನೋಡಲೂ ಇಲ್ಲ. ನಾಲ್ಕು ಮಾರ್ಕಿಗೆ ನಿನಗೆ ಅನ್ನ ಬೇರೆ ಕೇಡು ಅಂದುಬಿಟ್ಟೆ."



ಅವರು ಹೋದ ಮೇಲೆ ಚನ್ನವೀರಯ್ಯನವರು ಬೋರ್ಡನ್ನು ಬಿಚ್ಚಿ ಆ ಪುಟ್ಟ ಕೆಂಪು ತಂತಿಯನ್ನು ಎಳೆದರು. ತುದಿಯಲ್ಲಿ ಬೆಳ್ಳಗೆ ಬೂದಿ. ಉಗುರಿನಿಂದ ಕೆರೆದರೆ ಅಲ್ಲಿಗೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಮೇಲಧಿಕಾರಿಗಳ ಬಳಿಗೆ ಹೋದರು. ನಡುವಿನ ಬಾಗಿಲು ತೆರೆದೇ ಇತ್ತು, ಮಾತು ನನಗೂ ಕೇಳುತ್ತಿತ್ತು.

"ಅಯ್ಯ, ಇಷ್ಟಕ್ಕೆ ಯಾಕೆ ಒದ್ದಾಡ್ತೀರಿ?" ಎಂದರು ಅಧಿಕಾರಿಗಳು. "ಕಾರ್ಡಿಗೆ ತೂತು ಹೊಡೆದಿದ್ದು ತಪ್ಪು ಅಂತ ಬರೀರಿ. ಆ ಹುಡುಗಿ ಹೇಗೂ ತಾತ್ಕಾಲಿಕ. ಅವಳು ಹೋಗ್ತಾಳೆ, ನೀವು ಉಳೀತೀರಿ."

"ತೂತು ಸರಿಯಾಗಿದೆ ಸಾರ್. ನನ್ನ ಕೈ ತಪ್ಪಿದ್ದು."

"ದೇವರ ಪ್ರಸಾದದಿಂದ ತಪ್ಪಾಯಿತು ಅಂತ ಕಡತದಲ್ಲಿ ಬರೆಯೋಕಾಗುತ್ತೇನ್ರೀ?"

"ದೇವರು ತೂತಿನೊಳಗೆ ಹಾಕು ಅನ್ನಲಿಲ್ಲ. ಮತ್ತೆ ಪರೀಕ್ಷಿಸಬೇಡ ಅಂತಲೂ ಅನ್ನಲಿಲ್ಲ. ಎರಡೂ ನಾನೇ ಮಾಡಿದ್ದು. ನನ್ನ ಹೆಸರೇ ಬರೀತೀನಿ."

ಹಾಗೆಯೇ ಬರೆದರು. ಶಿಕ್ಷೆಯಾಗಿ ಒಂದು ವರ್ಷ ಅವರನ್ನು ದಾಖಲೆ ಕೋಣೆಗೆ ಹಾಕಿದರು. ಫಿಲೋಮಿನಾ ತನ್ನ ಕೆಲಸದಲ್ಲಿ ಉಳಿದಳು. ಆಮೇಲೆ ಅವಳು ಅವರನ್ನು ರೇಗಿಸಲಿಲ್ಲ. ದಿನವೂ ಒಂದು ಲೋಟ ಕಾಫಿಯನ್ನು ದಾಖಲೆ ಕೋಣೆಯ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದಳು.

ಏಳು ಮಕ್ಕಳಿಗೂ ಹೊಸ ಅಂಕಪಟ್ಟಿ ಅಚ್ಚಾಯಿತು. ಆರನ್ನು ಅಂಚೆಯಲ್ಲಿ ಕಳಿಸಿದರು. ಏಳನೆಯದನ್ನು ಚನ್ನವೀರಯ್ಯನವರು ತಾವೇ ಒಯ್ದರು. ದರ್ಜಿಯ ಕಾಲಿಗೆ ಬೀಳಲು ಬಗ್ಗಿದಾಗ ತುಕೋಜಿರಾವ್ ತೋಳು ಹಿಡಿದು ಎತ್ತಿದರಂತೆ. "ನಿಮ್ಮ ಯಂತ್ರದಲ್ಲಿ ಒಂದು ತಂತಿ ಕೆಟ್ಟಿತ್ತು. ನನ್ನ ನಾಲಿಗೆಗೆ ಏನಾಗಿತ್ತು ಸ್ವಾಮಿ?" ಎಂದರಂತೆ. ಆ ಪಟ್ಟಿಗೆ ಕಟ್ಟು ಹಾಕಿಸಿ, ಪಾಂಡುರಂಗನ ಪಟದ ಪಕ್ಕ ತೂಗುಹಾಕಿದರಂತೆ. ಇದನ್ನು ಚನ್ನವೀರಯ್ಯನವರೇ ಒಮ್ಮೆ ನನ್ನ ಧೂಳು ಒರೆಸುತ್ತ ಮೆಲ್ಲಗೆ ಹೇಳಿಕೊಂಡರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯದು.

ವರ್ಷ ಕಳೆದು ಅವರು ನನ್ನ ಬಳಿಗೆ ಮರಳಿದರು. ಅಂದಿನಿಂದ ಅವರು ನನ್ನ ಮೇಲೆ ವಿಭೂತಿ ಹಚ್ಚಲಿಲ್ಲ. ಆಯುಧಪೂಜೆಯ ದಿನ ನನ್ನ ಮುಂದಿನ ನೆಲಕ್ಕೆ ಮೂರು ಗೆರೆ ಎಳೆದು, ಅಲ್ಲಿಂದಲೇ ಕೈಮುಗಿಯುತ್ತಿದ್ದರು. ಇನ್ನೂ ಒಂದು ಬದಲಾವಣೆ ಕಂಡೆ. ಮೊದಲು ನಾನು ಓಡುವಾಗ ಅವರು ಕಾರ್ಡುಗಳ ಕಡೆ ಇರುತ್ತಿದ್ದರು. ಈಗ ಕಾಗದದ ಕಡೆ ನಿಲ್ಲತೊಡಗಿದರು. ಪ್ರತಿ ಪರೀಕ್ಷೆಯಲ್ಲೂ, ಖಾಸಗಿಯಾಗಿ ಕಟ್ಟಿದವರ ಪಟ್ಟಿ ಬಂದಾಗ, ಸಾಲಿನ ಮೇಲೆ ಸಾಲು ಹಾರುವ ಇಂಗ್ಲಿಷ್ ಹೆಸರುಗಳ ಮೇಲೆ ಕಣ್ಣಿಟ್ಟು ನಿಲ್ಲುತ್ತಿದ್ದರು. ತಾನು ನಪಾಸು ಎಂದು ನಂಬಿ ಹೋದ ಹುಡುಗ ಎಲ್ಲೋ ಒಂದು ಊರಿನಿಂದ ಮತ್ತೆ ಪರೀಕ್ಷೆ ಕಟ್ಟಬಹುದಲ್ಲ. ಎಷ್ಟೋ ವಿಠ್ಠಲರಾಯರು ಬಂದರು. ಪ್ರತಿ ಸಲವೂ ಗುಂಡಿ ಒತ್ತಿ ನನ್ನನ್ನು ನಿಲ್ಲಿಸಿ, ತಂದೆಯ ಹೆಸರು ನೋಡುತ್ತಿದ್ದರು. ತುಕೋಜಿಯ ಮಗ ಬರಲಿಲ್ಲ. ಮತ್ತೆ ಗುಂಡಿ ಒತ್ತುವ ಮೊದಲು ಅವರ ಬೆರಳು ಸ್ವಲ್ಪ ತಡೆಯುತ್ತಿತ್ತು. ಆ ತಡೆ ನನಗೆ ಮಾತ್ರ ಗೊತ್ತು.

ಹೀಗೆ ಹದಿನೆಂಟು ವರ್ಷ. ತುಕೋಜಿರಾಯರು ತೀರಿಕೊಂಡ ಸುದ್ದಿ ಬಂದ ದಿನ ಅವರು ಊಟ ಮಾಡಲಿಲ್ಲ. ಅಷ್ಟು ಹೊತ್ತಿಗೆ ಕಂಪ್ಯೂಟರ್ ಬಂತು. ಹಳೆಯ ಕಾರ್ಡುಗಳನ್ನೆಲ್ಲ ಕಾಗದದ ಕಾರ್ಖಾನೆಗೆ ಲಾರಿಯಲ್ಲಿ ಹೇರಿದರು. ಚನ್ನವೀರಯ್ಯನವರು ಅಪ್ಪಣೆ ಕೇಳಿ ಅದರಲ್ಲಿ ಒಂದೇ ಒಂದು ಕಾರ್ಡು ಉಳಿಸಿಕೊಂಡರು. ನನ್ನನ್ನು ಗುಜರಿಗೆ ಕೊಡುವವರಿದ್ದರು. ಅವರು ಊರೆಲ್ಲ ಅಲೆದು, ಈ ಕಾಲೇಜಿನವರನ್ನು ಒಪ್ಪಿಸಿ, ಇಲ್ಲಿ ತಂದು ನಿಲ್ಲಿಸಿದರು. ನಿವೃತ್ತರಾದ ಮೇಲೂ ಬರುವುದನ್ನು ಬಿಡಲಿಲ್ಲ. ಯಾರಾದರೂ ವಿದ್ಯಾರ್ಥಿಗಳು ನಿಂತು ನೋಡಿದರೆ ತಂತಿ ಹಾಕುವುದನ್ನು ತೋರಿಸುತ್ತಿದ್ದರು. ಸೊನ್ನೆಯ ತಂತಿಯನ್ನು ಕೊನೆಗೆ ತೋರಿಸುತ್ತಿದ್ದರು. "ಇದನ್ನ ಎರಡು ಸಲ ನೋಡಬೇಕು. ಇದು ಹೋದರೆ ಸದ್ದಾಗಲ್ಲ" ಎನ್ನುತ್ತಿದ್ದರು.

ಈ ವರ್ಷದ ಆಯುಧಪೂಜೆಯ ದಿನ ಗೌರಾ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದರು. ಅದರಲ್ಲಿ ತಂದೆ ಉಳಿಸಿಕೊಂಡಿದ್ದ ವಿಠ್ಠಲನ ಕಾರ್ಡು, ಆ ಕೆಂಪು ತಂತಿ, ಒಂದು ವಿಭೂತಿ ಗಟ್ಟಿ.

"ಒಂದು ಗೆರೆ ಎಳೆದುಬಿಡಿ ಅಮ್ಮ. ಹೇಗೂ ಇದು ಓಡೋದಿಲ್ಲ" ಎಂದ ಮುನಿರಾಜು.

"ಓಡದಿದ್ದರೂ ಬೇಡಪ್ಪ. ಅಪ್ಪ ಹಾಗೆ ಮಾಡ್ತಿರಲಿಲ್ಲ." ಅವರು ನೆಲದ ಮೇಲೆ ಮೂರು ಗೆರೆ ಎಳೆದರು. ತಂತಿಯ ತುದಿಯನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಮತ್ತೊಮ್ಮೆ ಒರೆಸಿ, ಮತ್ತೊಮ್ಮೆ ನೋಡಿದರು. ಆಮೇಲೆ ತಂದೆ ತೋರಿಸಿಕೊಟ್ಟಿದ್ದ ಬೋರ್ಡಿನ ರಂಧ್ರಕ್ಕೆ ಅದನ್ನು ಸಿಕ್ಕಿಸಿದರು. ಕಾರ್ಡನ್ನು ನನ್ನ ಬಾಯಿಗೆ ಇಟ್ಟರು. ಹೋಗುವಾಗ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನನಗೆ ವಿದ್ಯುತ್ತು ಇಲ್ಲ. ಚಕ್ರಗಳು ತುಕ್ಕು ಹಿಡಿದಿವೆ. ತಂತಿ ಮಾತ್ರ ಈಗ ಸರಿಯಾಗಿದೆ, ಕಾರ್ಡೂ ನನ್ನ ಬಾಯಲ್ಲಿದೆ. ಒಂದೇ ಒಂದು ಸಾಲು ಅಚ್ಚು ಹಾಕುವ ಶಕ್ತಿ ಬಂದಿದ್ದರೆ ಆ ನಲವತ್ತನ್ನು ತುಂಬ ಸ್ಪಷ್ಟವಾಗಿ ಮೂಡಿಸುತ್ತಿದ್ದೆ. ಆ ಶಕ್ತಿ ಬರುವುದಿಲ್ಲ. ಪ್ರಾರ್ಥಿಸಲು ಶಕ್ತಿ ಬೇಡವೆಂದು ಅಯ್ಯನವರೇ ಹೇಳುತ್ತಿದ್ದರು.

ಶಿವನೇ, ಚನ್ನವೀರಯ್ಯನವರು ತಮ್ಮ ತಪ್ಪನ್ನು ಬೇರೆಯವರ ತಲೆಗೆ ಕಟ್ಟಲಿಲ್ಲ. ಅದನ್ನು ಕೊನೆಯವರೆಗೂ ತಾವೇ ಹೊತ್ತರು. ಇನ್ನು ಅದನ್ನು ಅವರ ಹೆಗಲಿನಿಂದ ಇಳಿಸು. ಆ ದರ್ಜಿ ತಂದೆಗೂ ಶಾಂತಿ ಕೊಡು. ವಿಠ್ಠಲ ಎಂಬ ಹುಡುಗ ಈ ಭೂಮಿಯ ಮೇಲಿದ್ದರೆ ಇಲ್ಲಿ, ನಿನ್ನ ಬಳಿಗೆ ಬಂದಿದ್ದರೆ ಅಲ್ಲಿ, ಯಾರಾದರೂ ಅವನಿಗೆ ಹೇಳುವಂತೆ ಮಾಡು: ಮಗು, ನೀನು ಪಾಸಾಗಿದ್ದೆ. ಅವನು ಆ ಮಾತು ಕೇಳಿದ ಗಳಿಗೆಯಲ್ಲಿ ನಮ್ಮ ಅಯ್ಯನವರು ನಿನ್ನ ಪಾದದಲ್ಲಿ ಸಮಾಧಾನದಿಂದ ವಿಶ್ರಮಿಸಲಿ.